ಹಗ್ಗ ಸರ್ಕಾರದ್ದು, ಮಾತು ನಂದು

ಅಗ್ನಿಶಾಮಕ ಠಾಣೆಯಲ್ಲಿ ಅವನನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವನು ಭಾವನಾಗಿದ್ದದ್ದು ಅಲ್ಲಿ ಒಬ್ಬನಿಗೆ ಮಾತ್ರ, ಹೆಂಡತಿಯ ತಮ್ಮನಿಗೆ. ಆ ಭಾಮೈದ ಅದೇ ಠಾಣೆಗೆ ಕೆಲಸಕ್ಕೆ ಸೇರಿದ ದಿನ ಅಂಗಳದಲ್ಲಿ ನಿಂತು "ಭಾವಾ" ಎಂದು ಒಮ್ಮೆ ಕೂಗಿದ್ದೇ ತಡ, ಉಳಿದವರೆಲ್ಲ ಆ ಪದವನ್ನು ಹಿಡಿದುಕೊಂಡುಬಿಟ್ಟರು. ಡ್ರೈವರ್‌ಗೂ ಭಾವ, ಕಾವಲಿನವನಿಗೂ ಭಾವ, ಕೊನೆಗೆ ಠಾಣೆಯ ಸಾಹೇಬರಿಗೂ ಭಾವ. "ಇಷ್ಟು ಜನ ಭಾಮೈದರನ್ನ ಸಾಕೋ ಶಕ್ತಿ ನನಗಿಲ್ಲಪ್ಪ" ಎಂದು ಅವನು ರೇಗುತ್ತಿದ್ದ, ಒಳಗೊಳಗೆ ಹಿಗ್ಗುತ್ತಿದ್ದ. ಅದು ಹಿಗ್ಗುವ ಕಾಲದ ಮಾತಾಯಿತು. ಆಮೇಲೂ ಎಲ್ಲರೂ ಹಾಗೇ ಕರೆದರು, ಕರೆಯಬೇಕಾದವನು ಮಾತ್ರ ಕರೆಯುವುದನ್ನು ಬಿಟ್ಟ.

ಭಾವ ಕೊಡೆ ಪಕ್ಷದವನು, ಭಾಮೈದ ಕುರ್ಚಿ ಪಕ್ಷದವನು. ಎಷ್ಟೋ ವರ್ಷ ಅದು ಠಾಣೆಗೆ ಪುಕ್ಕಟೆ ಮನರಂಜನೆಯಾಗಿತ್ತು. "ಮಳೆ ಬಂದಾಗ ಕುರ್ಚಿ ತಲೆ ಮೇಲಿಟ್ಕೊಂಡು ಓಡಾಡು" ಎಂದು ಇವನು ಅಂದರೆ, "ಕಾಲು ನೋವು ಬಂದಾಗ ನೀವು ಕೊಡೆ ಮೇಲೆ ಕೂತ್ಕೊಳ್ಳಿ ಭಾವ" ಎಂದು ಅವನು. ಬೂಟು ಇಡುವ ಗೋಡೆಗೆ ಒಂದು ಸಾಲು ಮೊಳೆ ಹೊಡೆದಿತ್ತು. ಹಿಂದೆ ಯಾವ ಕಾಲದಲ್ಲೋ ಇದ್ದ ಸಾಹೇಬರು ಹೊಡೆಸಿದ್ದು. ಪಕ್ಷದ ಬ್ಯಾಡ್ಜು, ಟೋಪಿ, ಶಾಲು, ಏನು ಹಾಕಿಕೊಂಡು ಬಂದಿದ್ದರೂ ಗೇಟು ದಾಟಿದ ಮೇಲೆ ಮೊಳೆಗೆ ನೇತುಹಾಕಬೇಕು, ಮನೆಗೆ ಹೋಗುವಾಗ ತೆಗೆದುಕೊಂಡು ಹೋಗಬೇಕು. ಮಾತು ಸ್ವಲ್ಪ ಬಿಸಿಯಾಯಿತೆಂದರೆ ಯಾರಾದರೊಬ್ಬರು "ಮೊಳೆಗೆ ಹಾಕ್ರಪ್ಪಾ" ಅನ್ನುವುದು, ಎಲ್ಲರೂ ನಕ್ಕು ಬೇರೆ ಮಾತಿಗೆ ಹೋಗುವುದು. ಹೊಸದಾಗಿ ಬಂದವರಿಗೆಲ್ಲ ಆ ಮೊಳೆಯ ಪಾಠ ಹೇಳಿಕೊಡುತ್ತಿದ್ದವನು ಭಾವನೇ.

ಮುರಿದದ್ದು ಠಾಣೆಯಲ್ಲಲ್ಲ, ಊಟದ ಮನೆಯಲ್ಲಿ.

ಕುರ್ಚಿಯವರ ಸರ್ಕಾರ ಪೇಟೆಯ ರಸ್ತೆಯನ್ನು ಅಗಲ ಮಾಡಿತು. ಆ ಅಗಲದೊಳಗೆ ಭಾವನ ಅಮ್ಮನ ಹೊಲಿಗೆ ಅಂಗಡಿ ಬಂತು. ಅಂಗಡಿಯೆಂದರೇನು, ಒಂದು ಮಿಷನ್ನು, ಒಂದು ಸ್ಟೂಲು, ಒಂದು ತಗಡಿನ ಬಾಗಿಲು. ಗಂಡ ಸತ್ತ ಮೇಲೆ ಆ ಮಿಷನ್ನನ್ನೇ ತುಳಿದು ತುಳಿದು ಮಗನನ್ನು ಮನುಷ್ಯನನ್ನಾಗಿ ಮಾಡಿದ್ದಳು. ಕೆಡವಲು ಬಂದ ದಿನ ಮುದುಕಿ ಮಿಷನ್ನನ್ನು ತಬ್ಬಿಕೊಂಡು ರಸ್ತೆ ಬದಿಯಲ್ಲಿ ಕೂತಿದ್ದಳು. ಅಳಲಿಲ್ಲ. ಆಮೇಲೆ ಹೆಚ್ಚು ದಿನ ಬಾಳಲೂ ಇಲ್ಲ. ಅವಳು ಹೋದ ಕೆಲವು ತಿಂಗಳಿಗೆ, ಒಂದು ರಜೆಯ ಮಧ್ಯಾಹ್ನ, ಊಟಕ್ಕೆ ಕೂತಿದ್ದ ಭಾಮೈದ ವಾದದ ಭರದಲ್ಲಿ ಒಂದು ಮಾತು ಆಡಿದ.

"ರಸ್ತೆ ಅಗಲ ಆಗಿದ್ದಕ್ಕೇ ಅಲ್ವಾ ಭಾವ ನಮ್ಮ ಗಾಡಿ ಈಗ ಬೇಗ ಹೋಗ್ತಿರೋದು? ಒಂದು ಅಂಗಡಿ ಹೋದ್ರೆ ಏನಾಯ್ತು?"

ಕೇಡು ಬಗೆದು ಆಡಿದ್ದಲ್ಲ, ಬಾಯಿಚಪಲ. ಆದರೆ ಬಾಯಿಚಪಲಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಭಾವ ಅರ್ಧ ಊಟದಲ್ಲಿ ಎದ್ದ. "ಕೈ ತೊಳ್ಕೊಂಡು ಹೋಗು. ಇನ್ಮೇಲೆ ನನ್ನ ಮನೆ ಹೊಸ್ತಿಲು ತುಳೀಬೇಡ" ಎಂದ. ಭಾಮೈದ ಕೈಯನ್ನೂ ತೊಳೆಯದೆ ಹೋದ.

ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಇದರಲ್ಲಿ ಹುರಿದುಹೋದವಳು ಯಾರೆಂದರೆ ಅವಳು, ಇವನ ಹೆಂಡತಿ, ಅವನ ಅಕ್ಕ. ಮೊದಮೊದಲು ಅತ್ತಳು, ಆಮೇಲೆ ಬೈದಳು, ಕೊನೆಗೆ ಸೋತು ಒಂದೇ ಒಂದು ಮಾತು ಹೇಳಿದಳು. "ಮನೆಗೆ ಸೇರಿಸ್ಬೇಡಿ, ಬೇಡ ಬಿಡಿ, ನಿಮ್ಮ ಹಟ ನಿಮಗೆ. ಆದ್ರೆ ಹೊಗೆಯಿಂದ ಅವನನ್ನ ಹೊರಗೆ ತರೋದನ್ನ ಮಾತ್ರ ಮರೀಬೇಡಿ."

"ಅಷ್ಟು ಕೆಟ್ಟವನಾ ನಾನು?" ಎಂದು ಭಾವ ಕೆರಳಿದ. ಅವಳು ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ತಿರುಗಿದಳು. ಇಲ್ಲ ಅನ್ನದೆ ಹಾಗೆ ತಿರುಗಿದ್ದು ಅವನಿಗೆ ಬಹಳ ದಿನ ಚುಚ್ಚುತ್ತಲೇ ಇತ್ತು.

ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು. ಇವರಿಬ್ಬರೂ ಠಾಣೆಯ ಹಗ್ಗದ ಜೋಡಿ. ಹೊಗೆ ತುಂಬಿದ ಕಟ್ಟಡದೊಳಗೆ ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತೆವಳುತ್ತಾನೆ, ಇನ್ನೊಬ್ಬ ಬಾಗಿಲಲ್ಲಿ ಆ ಹಗ್ಗದ ತುದಿ ಹಿಡಿದು ನಿಲ್ಲುತ್ತಾನೆ. ಒಂದು ಸಲ ಜಗ್ಗಿದರೆ ಕ್ಷೇಮ, ಎರಡು ಸಲ ಜಗ್ಗಿದರೆ ಸಡಿಲ ಬಿಡು, ಬಿಡದೆ ಜಗ್ಗಿದರೆ ಎಳೆದುಕೋ. ಏನೇ ಆಗಲಿ ಬಾಗಿಲಿನವನು ಹಗ್ಗ ಬಿಟ್ಟು ಒಳಗೆ ನುಗ್ಗುವಂತಿಲ್ಲ, ನುಗ್ಗಿದರೆ ಒಂದರ ಬದಲು ಎರಡು ಹೆಣ. ಇದಿಷ್ಟು ತರಬೇತಿಯಲ್ಲಿ ಕಲಿಸಿದ್ದು. ತರಬೇತಿಯಲ್ಲಿ ಕಲಿಸದ ಇನ್ನೊಂದಿತ್ತು. ಹೊಗೆಯಲ್ಲಿರುವವನಿಗೆ ಕಣ್ಣು ಕಾಣುವುದಿಲ್ಲ, ಗಾಳಿಯ ಮುಖವಾಡ ಹಾಕಿಕೊಂಡು ಮಾತಾಡಲಾಗುವುದಿಲ್ಲ, ಕಿವಿಯೊಂದೇ ಅವನ ಗತಿ. ಹಾಗಾಗಿ ಬಾಗಿಲಿನವನು ಬಾಯಿ ಬಿಡುತ್ತಲೇ ಇರಬೇಕು. ಏನಾದರೂ ಸರಿ. ಕೆಲವರು ಹಾಡುತ್ತಿದ್ದರು, ಕೆಲವರು ಮಗ್ಗಿ ಹೇಳುತ್ತಿದ್ದರು. ಭಾವ ಕಥೆ ಹೇಳುತ್ತಿದ್ದ. ತಾನು ಹೆಣ್ಣು ನೋಡಲು ಹೋದಾಗ ಈ ಪುಟಾಣಿ ಭಾಮೈದ ತನ್ನ ಚಪ್ಪಲಿಯನ್ನು ನೀರಿನ ತೊಟ್ಟಿಗೆ ಹಾಕಿದ ಕಥೆಯನ್ನು ಅದೆಷ್ಟು ಬೆಂಕಿಗಳಲ್ಲಿ ಕೂಗಿ ಕೂಗಿ ಹೇಳಿದ್ದನೋ! ಬೀದಿಯ ಜನರಿಗೂ ಅದು ಬಾಯಿಪಾಠವಾಗಿತ್ತು.

ಜಗಳವಾದ ಮೇಲೆ ಭಾವ ಕಥೆ ನಿಲ್ಲಿಸಿದ. ಹಗ್ಗವನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಿಡಿದ. ಮೊದಲಿಗಿಂತ ಚೆನ್ನಾಗಿಯೇ ಹಿಡಿದ. ಬಾಯಿಗೆ ಬೀಗ. ಸಾಹೇಬರು ಒಮ್ಮೆ ಪಕ್ಕಕ್ಕೆ ಕರೆದು ಕೇಳಿದರು, "ಏನ್ ಭಾವ, ಈಚೆಗೆ ದನಿಯೇ ಇಲ್ಲ?"

"ಹಗ್ಗ ಸರ್ಕಾರದ್ದು ಸಾರ್, ಅದರಲ್ಲಿ ಕೂದಲೆಳೆಯಷ್ಟು ತಪ್ಪು ತೋರಿಸಿ, ಕಿವಿ ಹಿಡ್ಕೋತೀನಿ. ಮಾತು ನಂದು. ಬಾಯಿ ಬಿಟ್ರೆ ರಾಜಕೀಯ ಬರತ್ತೆ. ಅದಕ್ಕೇ ಮೊಳೆಗೆ ಹಾಕಿದೀನಿ."

ಸಾಹೇಬರು ತಲೆ ಕೆರೆದುಕೊಂಡು ಹೊರಟುಹೋದರು. ಮಾತು ಸರಿಯಾಗಿಯೇ ಕೇಳುತ್ತಿತ್ತಲ್ಲ. ಖಾಸಗಿ ದ್ವೇಷ ಬೇರೆ, ಕರ್ತವ್ಯ ಬೇರೆ, ಇದಕ್ಕಿಂತ ಇನ್ನೇನು ಬೇಕು? ಭಾವನೂ ಹಾಗೆಯೇ ನಂಬಿದ್ದ, ಪಾಪ.

ಚುನಾವಣೆಯ ಫಲಿತಾಂಶ ಬಂತು. ಕುರ್ಚಿಯವರು ಮತ್ತೆ ಗೆದ್ದರು. ಬೆಳಗಿನಿಂದ ಠಾಣೆಯ ಗಂಟೆಗೆ ಪುರುಸೊತ್ತಿಲ್ಲ. ಇಲ್ಲಿ ಟೈರು ಸುಟ್ಟರು, ಅಲ್ಲಿ ಪಟಾಕಿಯ ಕಿಡಿ ಗೋದಾಮಿಗೆ ಬಿತ್ತು, ಇನ್ನೆಲ್ಲೋ ಬಸ್ಸಿಗೆ ಬೆಂಕಿ. ಗೆದ್ದವರು ಸಂತೋಷಕ್ಕೆ ಸುಡುತ್ತಾರೆ, ಸೋತವರು ಸಂಕಟಕ್ಕೆ ಸುಡುತ್ತಾರೆ, ಆರಿಸುವ ಕರ್ಮ ಮಾತ್ರ ಇವರದು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಭಾವನ ಮಂಡಿಗಳು ಮಾತು ಕೇಳುವುದನ್ನು ಬಿಟ್ಟಿದ್ದವು. ಒದ್ದೆ ಬೂಟು ಬಿಚ್ಚಿ ಕಾಲು ಚಾಚಿ ಕೂತಿದ್ದಷ್ಟೆ, ಮತ್ತೆ ಗಂಟೆ. ಪೇಟೆಯಲ್ಲಿ ಕುರ್ಚಿ ಪಕ್ಷದ ಕಚೇರಿಗೇ ಬೆಂಕಿ.

"ಅಯ್ಯೋ ಶಿವನೇ" ಎಂದ ಡ್ರೈವರ್. ಭಾವ ಒದ್ದೆ ಬೂಟನ್ನೇ ಮತ್ತೆ ಏರಿಸಿದ.

ಗಾಡಿ ಅಗಲವಾದ ರಸ್ತೆಯ ಮೇಲೆ ಹೋಯಿತು. ಅಮ್ಮನ ಅಂಗಡಿ ಇದ್ದ ಜಾಗದ ಮೇಲೆಯೇ ಗಾಲಿ ಉರುಳಿದವು. ಪ್ರತಿ ಸಲವೂ ಅಲ್ಲಿ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಗಾಡಿ ಬೇಗ ಹೋಗುತ್ತಿತ್ತು, ಅದು ಸುಳ್ಳಲ್ಲ. ಅದು ಸುಳ್ಳಲ್ಲ ಅನ್ನುವುದೇ ಅವನ ಹೊಟ್ಟೆ ಉರಿಸುತ್ತಿತ್ತು. ಎದುರಿನ ಸೀಟಿನಲ್ಲಿ ಭಾಮೈದ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಾ ಕಿಟಕಿಯಾಚೆ ನೋಡುತ್ತಿದ್ದ. ಸುಡುತ್ತಿರುವುದು ಅವನ ಪಕ್ಷದ ಕಚೇರಿ. ಅವನೂ ಬೆಳಗಿನಿಂದ ಏನನ್ನೂ ತಿಂದಿರಲಿಲ್ಲ.

ಪೇಟೆಯ ತಿರುವಿನಲ್ಲಿ ಗಾಡಿಗೆ ಜನ ಅಡ್ಡ ನಿಂತರು. ಎಲ್ಲರ ಹೆಗಲ ಮೇಲೂ ಕೊಡೆಯ ಶಾಲು. ಭಾವನನ್ನು ಕಂಡದ್ದೇ "ನಮ್ಮ ಭಾವ ಬಂದ, ನಮ್ಮೋನು" ಎಂದು ಕೇಕೆ ಹಾಕಿದರು. ಗುಂಪನ್ನು ಸರಿಸಿಕೊಂಡು ಮೇಷ್ಟ್ರು ಕಿಟಕಿಯ ಹತ್ತಿರ ಬಂದರು. ಕೊಡೆ ಪಕ್ಷದ ಆ ಕೇರಿಯ ಮುಖಂಡರು, ಭಾವನಿಗೆ ಅಕ್ಷರ ಕಲಿಸಿದವರು. ಅಮ್ಮನ ಅಂಗಡಿ ಕೆಡವಿದ ದಿನ ಅವಳ ಪಕ್ಕ ಮಣ್ಣಿನಲ್ಲಿ ಕೂತಿದ್ದವರು ಅವರೊಬ್ಬರೇ.

"ಸ್ವಲ್ಪ ನಿಧಾನ ಮಾಡಪ್ಪ" ಎಂದರು ಮೆಲ್ಲಗೆ. "ಒಳಗೆ ಯಾರೂ ಇಲ್ಲ. ಬರೀ ಕುರ್ಚಿಗಳು. ನಿಮ್ಮಮ್ಮನ ಅಂಗಡಿ ಕೆಡವುವಾಗ ಅವರು ಅವಸರ ಮಾಡಿದ್ರಲ್ಲ, ಈಗ ನೀನ್ಯಾಕೆ ಅವಸರ ಮಾಡ್ತೀಯ?"

ಆ ಗಳಿಗೆಯಲ್ಲಿ ಭಾವನಿಗೂ ಅನ್ನಿಸಲಿಲ್ಲವೇ, ಸುಟ್ಟು ಹೋಗಲಿ ಎಂದು? ಅನ್ನಿಸಿತು. ಖಂಡಿತ ಅನ್ನಿಸಿತು. ಆದರೆ ಒಳಗೆ ಯಾರೂ ಇಲ್ಲ ಅನ್ನುವ ಮಾತನ್ನು ಈ ಕೆಲಸದವರು ಯಾರ ಬಾಯಿಂದಲೂ ನಂಬುವುದಿಲ್ಲ, ನೋಡಿ ಬಂದ ಮೇಲೇ ಇಲ್ಲ ಅನ್ನುವುದು.

"ದಾರಿ ಬಿಡಿ ಮೇಷ್ಟ್ರೇ" ಎಂದ. "ಶಾಲಿದ್ದಿದ್ರೆ ನಿಮ್ಮ ಮಾತು ಕೇಳ್ತಿದ್ನೋ ಏನೋ. ಅದು ಮೊಳೆ ಮೇಲಿದೆ."

ಮೇಷ್ಟ್ರು ಅವನ ಮುಖವನ್ನೇ ನೋಡಿ ಪಕ್ಕಕ್ಕೆ ಸರಿದರು. ಅವರು ಸರಿದ ಮೇಲೆ ಜನವೂ ಗೊಣಗುತ್ತ ಸರಿಯಿತು.

ಕಚೇರಿಯ ತುಂಬ ಪ್ಲಾಸ್ಟಿಕ್ ಕುರ್ಚಿಗಳು, ಮತದಾರರಿಗೆ ಹಂಚಿ ಉಳಿದವನ್ನು ಸೂರಿನವರೆಗೆ ಪೇರಿಸಿಟ್ಟದ್ದು. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಎಂದರೆ ಡಾಂಬರು, ಮುಟ್ಟಿದರೆ ಕೈಗೆ ಅಂಟುತ್ತದೆ. ಉಳಿದವರು ನೀರಿನ ಪೈಪು ಹಿಡಿದು ಹಿತ್ತಲಿಗೆ ಹೋದರು. ಭಾಮೈದ ಮುಖವಾಡ ಏರಿಸಿ ಮುಂಬಾಗಿಲಲ್ಲಿ ಮಂಡಿಯೂರಿದ. ಹಿಂದಿನ ಕಾಲವಾಗಿದ್ದರೆ ಇಲ್ಲಿ ಭಾವ ಅವನ ಬೆನ್ನಿಗೊಂದು ಗುದ್ದಿ, "ಹೋಗೋ, ಅಲ್ಲೇನಾದ್ರೂ ನನ್ನ ಚಪ್ಪಲಿ ಸಿಕ್ರೆ ತಗೊಂಡು ಬಾ" ಅನ್ನುತ್ತಿದ್ದ. ಈಗ ಹಗ್ಗದ ಗಂಟನ್ನು ಎಳೆದು ನೋಡಿದ, ಅಷ್ಟೆ. ಭಾಮೈದ ಒಳಗೆ ತೆವಳಿದ.

ಒಂದು ಜಗ್ಗು, ಕ್ಷೇಮ. ಎರಡು ಜಗ್ಗು, ಸಡಿಲ ಬಿಟ್ಟ. ಮತ್ತೆ ಒಂದು. ಹಗ್ಗ ಅವನ ಅಂಗೈಯಲ್ಲಿ ಜೀವಂತವಾಗಿ ಸರಿಯುತ್ತಿತ್ತು. ಎಷ್ಟೋ ತಿಂಗಳಿಂದ ಅವರಿಬ್ಬರ ನಡುವೆ ಉಳಿದಿದ್ದ ಮಾತುಕತೆ ಇಷ್ಟೇ. ಆಮೇಲೆ ಒಳಗೆ ಏನೋ ದೊಡ್ಡದಾಗಿ ಕುಸಿದ ಸದ್ದು. ಪೇರಿಸಿದ್ದ ಕುರ್ಚಿಗಳು ಕರಗಿ ಒಂದರ ಮೇಲೊಂದು ಬಿದ್ದಿದ್ದವು, ಹಗ್ಗದ ಮೇಲೆಯೇ.

ಭಾವ ಜಗ್ಗಿದ. ಹಗ್ಗ ಅಲ್ಲಾಡಲಿಲ್ಲ. ಕಂಬಕ್ಕೆ ಕಟ್ಟಿದಂತೆ ನಿಂತಿತು. ಆಚೆಯಿಂದ ಅವನು ಜಗ್ಗುತ್ತಿದ್ದಾನೋ ಇಲ್ಲವೋ ತಿಳಿಯುವ ಬಗೆಯೇ ಇಲ್ಲ. ಒಳಗಿರುವವನಿಗೂ ಈಗ ಹಗ್ಗ ಹಿಡಿದು ಹೊರಬರಲಾಗದು, ಅದು ಉರಿಯುವ ರಾಶಿಯ ಕೆಳಗೆ ಹೊಕ್ಕಿದೆ. ಬಿಚ್ಚಿಕೊಂಡು ಸುತ್ತಿ ಬರಬೇಕು. ಯಾವ ಕಡೆಗೆ ಬರಬೇಕು? ಬಾಗಿಲು ಎಲ್ಲಿದೆ ಅಂತ ಅವನಿಗೆ ಹೇಳುವವರು ಯಾರು?

ಎಂಥ ಮೂರ್ಖ ನಾನು, ಅನ್ನಿಸಿತು ಅವನಿಗೆ. ಹಗ್ಗ ಸರ್ಕಾರದ್ದಂತೆ, ಮಾತು ನನ್ನದಂತೆ!

"ಬಾರೋ! ಈ ಕಡೆ ಬಾರೋ!" ಎಂದು ಕೂಗಿದ. ದನಿ ಹೋಗಲೇ ಇಲ್ಲ. ಬೀದಿ ತುಂಬ ಜನ ಧಿಕ್ಕಾರ ಕೂಗುತ್ತಿದ್ದರು, ಬಾ ಅನ್ನುವವರು, ಹೋಗು ಅನ್ನುವವರು, ಸಾಯಲಿ ಅನ್ನುವವರು. ಆ ಗದ್ದಲದಲ್ಲಿ ಒಂದು "ಬಾರೋ" ಯಾರದ್ದಾದರೂ ಆಗಬಹುದಿತ್ತು. ಚಪ್ಪಲಿಯ ಕಥೆ ಹೇಳೋಣವೆಂದರೆ ಅದು ಬಾಯಿಗೇ ಬರಲೊಲ್ಲದು. ಇಷ್ಟು ದಿನ ಒಳಗೆ ಕೊಳೆತದ್ದು ಬೇರೆಯೇ ಇತ್ತಲ್ಲ, ಅದು ಬಂತು.

"ಏನಂದ್ಯೋ ಅವತ್ತು!" ಎಂದು ಕಿರುಚಿದ. ತನ್ನ ಎದೆಯೇ ಹರಿದುಹೋಗುವಂತೆ ಕಿರುಚಿದ. "ಒಂದು ಅಂಗಡಿ ಹೋದ್ರೆ ಏನಾಯ್ತು ಅಂದ್ಯಲ್ಲ! ನಿನ್ನ ಕುರ್ಚಿ ಪಕ್ಷಕ್ಕೆ ಬೆಂಕಿ ಬೀಳ! ರಸ್ತೆಯಂತೆ ರಸ್ತೆ! ನನ್ನಮ್ಮನ ಹೊಟ್ಟೆ ಮೇಲೆ ಹಾಕಿದ ರಸ್ತೆ ಕಣೋ ಅದು!"

ಹತ್ತಿರ ನಿಂತಿದ್ದವರು ಬೆಚ್ಚಿ ಸುಮ್ಮನಾದರು. ಅವರು ಸುಮ್ಮನಾದದ್ದು ನೋಡಿ ಹಿಂದಿನವರೂ ಸುಮ್ಮನಾದರು. ಸಮವಸ್ತ್ರ ತೊಟ್ಟವನು ಕುರ್ಚಿ ಪಕ್ಷವನ್ನು ಬೈಯುತ್ತಿದ್ದಾನೆ! ಯಾರಿಗುಂಟು ಯಾರಿಗಿಲ್ಲ ಎಂದು ಫೋನುಗಳು ಮೇಲೆದ್ದವು. ಬೀದಿ ಮೌನವಾಯಿತು, ಅವನ ದನಿಯೊಂದೇ ಒಳಗೆ ನುಗ್ಗಿತು.

"ನೀನು ಈ ಕೆಲಸದ ಸಂದರ್ಶನಕ್ಕೆ ಹೋದಾಗ ಹಾಕ್ಕೊಂಡಿದ್ದ ಅಂಗಿ ಯಾರು ಹೊಲಿದದ್ದೋ? ನನ್ನಮ್ಮ! ಒಂದು ಕಾಸಾದ್ರೂ ತಗೊಂಡ್ಳಾ? ಉತ್ತರ ಕೊಡು! ಬಾಯಿಲ್ವಾ ನಿಂಗೆ? ಅವತ್ತು ಇತ್ತಲ್ಲ! ಬಾ, ಇಲ್ಲಿ ಬಂದು ನನ್ನೆದುರು ನಿಂತು ಆಡು ಆ ಮಾತನ್ನ! ನಿಮ್ಮಕ್ಕನಿಗೆ ಏನಂತ ಹೇಳ್ಲೋ ನಾನು! ಏನಂತ ಹೇಳ್ಲಿ!"

ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಹೊಗೆಗೆ ಅಂತ ಅನ್ನಬಹುದು, ಅನ್ನುವವರು ಅಂದುಕೊಳ್ಳಲಿ. ದನಿ ಒಡೆದು ಬರೀ ಗಾಳಿಯಾಗುವವರೆಗೆ ಅವನು ಜಗಳವಾಡಿದ. ಸತ್ತ ಹಗ್ಗವನ್ನು ಮಾತ್ರ ಕೈಯಿಂದ ಬಿಡಲಿಲ್ಲ.

ಬಾಗಿಲ ಬಲಗಡೆ, ಹೊಗೆಯ ಬುಡದಲ್ಲಿ, ಮೊದಲು ಒಂದು ಕೈಗವಸು ಕಂಡಿತು. ಆಮೇಲೆ ಮುಖವಾಡ. ಆಮೇಲೆ ಅವನ ಇನ್ನೊಂದು ಕೈ, ಆ ಕೈಯಲ್ಲಿ ಹಿಡಿದೆಳೆದು ತಂದ ಒಬ್ಬ ಹೆಂಗಸು. ಕಚೇರಿ ಗುಡಿಸುವ ಅಜ್ಜಿ. ಗಲಾಟೆಗೆ ಹೆದರಿ ಹಿಂದಿನ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಕೂತಿದ್ದವಳು. ಭಾವ ಇಬ್ಬರನ್ನೂ ಕಂಕುಳಿಗೆ ಕೈಹಾಕಿ ಹೊರಗೆಳೆದ. ಅಜ್ಜಿ ಕೆಮ್ಮಿ ಕೆಮ್ಮಿ ಕಣ್ಣುಬಿಟ್ಟು, ಸುತ್ತ ನಿಂತಿದ್ದ ಶಾಲುಗಳನ್ನು ನೋಡಿ ಗಾಬರಿಯಾಗಿ ಹೇಳಿದಳು, "ನನ್ನ ಹೊಡೀಬೇಡ್ರಪ್ಪಾ, ನಾನು ನಿಮ್ಮಾಫೀಸನ್ನೂ ಗುಡಿಸ್ತೀನಿ."

ಮೇಷ್ಟ್ರು ತಲೆ ತಗ್ಗಿಸಿದರು. ಭಾವನಿಗೆ ಅವರನ್ನು ಬೈಯಲು ದನಿ ಉಳಿದಿರಲಿಲ್ಲ. ಭಾಮೈದ ಫುಟ್‌ಪಾತಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಜನರ ಕೈಯಲ್ಲಿ ಫೋನಿದೆಯಲ್ಲ. ಮರುದಿನ ಹೊತ್ತು ಏರುವಷ್ಟರಲ್ಲಿ "ನಿನ್ನ ಕುರ್ಚಿ ಪಕ್ಷಕ್ಕೆ ಬೆಂಕಿ ಬೀಳ" ಅನ್ನುವ ತುಣುಕೊಂದೇ ಊರೆಲ್ಲ ಸುತ್ತಿತು. ಹಿಂದಿಲ್ಲ, ಮುಂದಿಲ್ಲ. ಕೊಡೆಯವರು ಅವನನ್ನು ಹೊತ್ತು ಮೆರೆಸುವುದೊಂದು ಬಾಕಿ. ಕುರ್ಚಿಯವರು ಅವನನ್ನು ಕೆಲಸದಿಂದ ಕಿತ್ತುಹಾಕಿ ಎಂದು ಠಾಣೆಯ ಮುಂದೆ ಕೂತರು. ಇಬ್ಬರಿಗೂ ಅಜ್ಜಿಯ ನೆನಪಿರಲಿಲ್ಲ. ಜೀವಮಾನವೆಲ್ಲ ಮೊಳೆಯ ಪಾಠ ಹೇಳಿದವನ ಮೇಲೆ ಡ್ಯೂಟಿಯಲ್ಲಿ ರಾಜಕೀಯ ಮಾತಾಡಿದ ಆರೋಪ! ಭಾವನಿಗೆ ಸಿಟ್ಟೂ ಬರಲಿಲ್ಲ, ಸುಸ್ತಾಗಿತ್ತು.

ಮೇಲಿನಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಆ ಬೆಳಿಗ್ಗೆ ಗೇಟಿನ ಹೊರಗೆ ಕುರ್ಚಿಯವರು ಭಾಮೈದನನ್ನು ಸುತ್ತಿಕೊಂಡು ಏನೋ ಹೇಳಿಕೊಡುತ್ತಿದ್ದುದನ್ನು ಭಾವ ಕಿಟಕಿಯಿಂದ ಕಂಡಿದ್ದ. ಹೇಳಲಿ, ಅವನಿಗೂ ನೋವಿದೆ, ಅಂದುಕೊಂಡ. ಮೇಜಿನ ಮುಂದೆ ಇಬ್ಬರನ್ನೂ ನಿಲ್ಲಿಸಿ ಅಧಿಕಾರಿ ಆ ತುಣುಕನ್ನು ತೋರಿಸಿದರು. ಆಮೇಲೆ ಭಾಮೈದನ ಕಡೆ ತಿರುಗಿದರು.

"ನೀವು ಒಳಗಿದ್ದಾಗ ಇವರು ನಿಮಗೆ ಏನು ಹೇಳಿದರು?"

"ಬಾಗಿಲು ಈ ಕಡೆ ಇದೆ ಅಂದ್ರು ಸಾರ್."

"ವಿಡಿಯೋದಲ್ಲಿ ಹಾಗಿಲ್ಲವಲ್ಲ."

"ವಿಡಿಯೋ ಹೊರಗಿತ್ತು ಸಾರ್" ಎಂದ ಭಾಮೈದ. "ನಾನು ಒಳಗಿದ್ದೆ. ನಂಗೆ ಕೇಳಿಸಿದ್ದು ಅಷ್ಟೇ."

ಅಧಿಕಾರಿ ಇಬ್ಬರ ಮುಖವನ್ನೂ ನೋಡಿದರು. ಕೆಟ್ಟ ಮನುಷ್ಯರಲ್ಲ, ಆದರೆ ನಿಯಮ ನಿಯಮವೇ. ಕೆಲಸ ಉಳಿಯಿತು, ಹಗ್ಗ ಉಳಿಯಲಿಲ್ಲ. ಇನ್ನು ಮುಂದೆ ಭಾವ ಗಾಡಿ ಹತ್ತುವಂತಿಲ್ಲ, ಹಿಂದಿನ ಷೆಡ್ಡಿನಲ್ಲಿ ಪೈಪು ತೊಳೆದು ಒಣಗಿಸಬೇಕು. ನಿಯಮ ಸರಿಯೇ ಇತ್ತು, ಅವನೇ ಎಷ್ಟೋ ಜನರಿಗೆ ಹೇಳಿಕೊಟ್ಟದ್ದು. ಮೊಳೆಯಿಂದ ತನ್ನ ಶಾಲನ್ನು ತೆಗೆದು, ಮಡಚಿ, ಚೀಲದ ತಳಕ್ಕೆ ಹಾಕಿಕೊಂಡು ಮನೆಗೆ ಹೋದ.

ಸಂಜೆ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದಾಗ ಗೇಟು ಕಿರುಗುಟ್ಟಿತು. ಒಳಗೆ ಒಲೆಯ ಮುಂದಿದ್ದ ಹೆಂಡತಿ ಬಗ್ಗಿ ನೋಡಿದಳು, ನೋಡಿದವಳು ಸೌಟು ಹಿಡಿದು ಹಾಗೇ ನಿಂತಳು. ಹೊಸ್ತಿಲಿನಿಂದ ಒಂದು ಮೊಳ ಆಚೆ ಭಾಮೈದ ನಿಂತಿದ್ದ. ಚಪ್ಪಲಿ ಬಿಟ್ಟಿದ್ದ, ಆದರೆ ಮುಂದೆ ಬರಲಿಲ್ಲ.

"ಅಮ್ಮ ಹೊಲಿದ ಅಂಗಿ ಇನ್ನೂ ಇಟ್ಟಿದೀನಿ ಭಾವ" ಎಂದ. ಮುಖ ಎತ್ತಲಿಲ್ಲ. "ಈಗ ಹಿಡಿಯಲ್ಲ, ಹೊಟ್ಟೆ ಬಂದಿದೆ. ಆ ಮಾತು ನಾನು ಆಡಬಾರದಿತ್ತು. ಕುರ್ಚಿಗೇ ಓಟು ಹಾಕ್ತೀನಿ, ಅದು ಬೇರೆ. ಆದ್ರೆ ಆ ಮಾತು ಆಡಬಾರದಿತ್ತು."

ಭಾವ ಎದ್ದು ಹೋಗಬೇಕೆಂದು ತೋಳುಗಳ ಮೇಲೆ ಭಾರ ಹಾಕಿದ. ಮಂಡಿ ಏಳಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಬೀದಿಯಲ್ಲಿ ಒಡೆದ ದನಿ ಇನ್ನೂ ಸರಿಹೋಗಿರಲಿಲ್ಲ, ಬರೀ ಗಾಳಿಯಂತೆ ಬಂತು.

"ಬಾಗಿಲು ಈ ಕಡೆ ಇದೆ ಕಣೋ."

ಹೆಂಡತಿ ಒಲೆಯ ಮೇಲಿದ್ದದ್ದನ್ನು ಇಳಿಸಿ ಮೂರು ತಟ್ಟೆ ಹಾಕಿದಳು.